ಅಡಿಕೆ ದರದ ಪಕ್ಕದಲ್ಲೇ ಬತ್ತಿದ ಬೋರಿನ ಲೆಕ್ಕವನ್ನೂ ಬರೆಯಿರಿ

ತೋಟಗಾರಿಕೆ ಇಲಾಖೆಯ ಅಧಿಕಾರಿಗಳಿಗೆ, ನಮ್ಮ ಸಹಕಾರ ಸಂಘಗಳ ನಿರ್ದೇಶಕರಿಗೆ, ಹಾಗೆಯೇ ಈ ಮಳೆಗಾಲದಲ್ಲಿ ಅಡಿಕೆ ಸಸಿ ಇಡೋಣ ಅಂತ ಗುಂಡಿ ತೆಗೆಸುತ್ತಿರುವ ಬಯಲುಸೀಮೆಯ ಎಲ್ಲ ಅಣ್ಣತಮ್ಮಂದಿರಿಗೆ, ಅಕ್ಕತಂಗಿಯರಿಗೆ,

ನಮಸ್ಕಾರ.

ನಾನು ಚಿತ್ರದುರ್ಗ ಜಿಲ್ಲೆಯ ಹೊಳಲ್ಕೆರೆ ತಾಲ್ಲೂಕಿನವನು. ಎರಡು ಎಕರೆ ಅಡಿಕೆ ಇದೆ. ಇನ್ನೊಂದೂವರೆ ಎಕರೆ ಮಳೆ ನಂಬಿದ ಹೊಲ, ಅದರಲ್ಲಿ ರಾಗಿ, ಒಮ್ಮೊಮ್ಮೆ ಮೆಕ್ಕೆಜೋಳ. ಅಡಿಕೆ ಹಾಕಬೇಡಿ ಅಂತ ಹೇಳೋಕೆ ಈ ಪತ್ರ ಬರೆಯುತ್ತಿಲ್ಲ. ನಾನೇ ಹಾಕಿದವನು, ಹಾಗೆ ಹೇಳುವ ಬಾಯಿ ನನಗಿಲ್ಲ. ನಾವು ಅಡಿಕೆ ಹಾಕುವ ತೀರ್ಮಾನ ಹೇಗೆ ಮಾಡುತ್ತೇವೆ, ಆ ಹೊತ್ತಿಗೆ ನಮ್ಮ ಕಿವಿಗೆ ಏನು ಬೀಳುತ್ತೆ, ಏನು ಬೀಳೋದಿಲ್ಲ, ಅದನ್ನು ಹೇಳಬೇಕು.

ಮೊದಲು ನಾನು ಮಾಡಿದ ಒಂದು ತಪ್ಪು ಹೇಳುತ್ತೇನೆ.

2022ರ ಕೊನೆಯಲ್ಲಿ ನಮ್ಮ ತೋಟದ ಮೊದಲ ಫಸಲು ಬಂತು. ಐದು ವರ್ಷದ ಗಿಡ, ದೊಡ್ಡ ಫಸಲೇನಲ್ಲ. ಎರಡೂವರೆ ಕ್ವಿಂಟಲ್ ಒಣ ಅಡಿಕೆ ಆಯ್ತು. ಲಕ್ಷದ ಮೇಲೆ ಹನ್ನೆರಡು ಸಾವಿರ ಕೈಗೆ ಬಂತು. ಅಪ್ಪ ಆ ದುಡ್ಡನ್ನು ದೇವರ ಮುಂದೆ ಇಟ್ಟು ಎಣಿಸಿದರು. ಅದಾದ ಮೇಲೆ ಒಂದು ಮದುವೆ ಊಟದಲ್ಲಿ, ಪಕ್ಕದ ಹೊಲದ ಹುಡುಗ ನನ್ನ ಪಕ್ಕ ಕೂತಿದ್ದ. "ಎಷ್ಟು ಬಂತಣ್ಣ ಈ ಸಲ?" ಅಂದ. ಹೇಳಿದೆ. ಅವನ ಕೈಲಿದ್ದ ತುತ್ತು ಅಲ್ಲೇ ನಿಂತಿತು. ಅವನಿಗೆ ಅದಕ್ಕೂ ಮೊದಲು ನಮ್ಮ ಒಂದು ಬೋರ್ 640 ಅಡಿಗೆ ಬರೀ ಧೂಳು ಉಗುಳಿದ್ದನ್ನು ಹೇಳಲಿಲ್ಲ. ಎರಡನೇ ಬೋರಿಗೆ 780 ಅಡಿ ಹೋಗಿ ಎರಡಿಂಚು ನೀರು ಸಿಕ್ಕಿದ್ದನ್ನು, ಆ ಸಾಲ ಇನ್ನೂ ತೀರದಿರೋದನ್ನು, ಐದು ವರ್ಷ ಆ ಎರಡು ಎಕರೆಯಿಂದ ಮನೆಗೆ ಒಂದು ಸೇರು ಕಾಳೂ ಬರದೆ ಇದ್ದದ್ದನ್ನು ಹೇಳಲಿಲ್ಲ. ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ. ನಾನು ಸುಳ್ಳು ಹೇಳಿಲ್ಲ, ಅರ್ಧ ಹೇಳಿದೆ. ಅವನು ಮುಂದಿನ ಮಳೆಗಾಲಕ್ಕೆ ಕಾಯಲೂ ಇಲ್ಲ. ಯುಗಾದಿಗೆ ಮೊದಲೇ ಆರುನೂರು ಸಸಿ ಇಟ್ಟ. 2024ರ ಬೇಸಿಗೆಯಲ್ಲಿ ಅಷ್ಟೂ ಹೋದವು.

ಆ ಮದುವೆ ಮನೆಯ ಅರ್ಧ ಮಾತು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಈ ಪತ್ರಕ್ಕೆ ಅದೇ ಕಾರಣ.

ಸ್ವಲ್ಪ ಲೆಕ್ಕ ನೋಡೋಣ. ಯಾಕಂದ್ರೆ ಅಡಿಕೆ ಹಾಕುವ ರೈತ ದಡ್ಡ, ದುರಾಸೆಯವನು ಅಂತ ಪಟ್ಟಣದಲ್ಲಿ ಕೂತವರು ಸುಲಭವಾಗಿ ಹೇಳಿಬಿಡುತ್ತಾರೆ. ಅದು ನಿಜ ಅಲ್ಲ. ಒಳ್ಳೆ ಮಳೆ ಬಂದ ವರ್ಷ ನಮ್ಮ ಕಡೆ ಒಂದು ಎಕರೆ ರಾಗಿ ಹತ್ತು ಕ್ವಿಂಟಲ್ ಬಂದರೆ ಪುಣ್ಯ. 2025-26ಕ್ಕೆ ರಾಗಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 4,886 ರೂಪಾಯಿ. ಅಂದರೆ ಎಕರೆಗೆ 49 ಸಾವಿರದ ಹತ್ತಿರ, ಅದೂ ಖರೀದಿ ಕೇಂದ್ರದ ಮುಂದೆ ಟ್ರ್ಯಾಕ್ಟರ್ ಸಾಲಿನಲ್ಲಿ ದಿನಗಟ್ಟಲೆ ಕಾದ ಮೇಲೆ. 2025ರಲ್ಲಿ ಮಾರುಕಟ್ಟೆಯಲ್ಲಿ ರಾಶಿ ಅನ್ನುವ ಬಗೆಯ ಕೆಂಪಡಿಕೆ ಕ್ವಿಂಟಲ್‌ಗೆ 50 ಸಾವಿರದ ಮೇಲಿತ್ತು. ಒಂದು ಎಕರೆ ರಾಗಿ, ಒಂದು ಕ್ವಿಂಟಲ್‌ಗಿಂತ ಕಮ್ಮಿ ಅಡಿಕೆಗೆ ಸಮ. ಚೆನ್ನಾಗಿ ಬಂದ ತೋಟ ಎಕರೆಗೆ ಎಂಟು ಹತ್ತು ಕ್ವಿಂಟಲ್ ಕೊಡುತ್ತೆ. ಈ ಲೆಕ್ಕ ಗೊತ್ತಿದ್ದೂ ರಾಗಿ ಬಿತ್ತು ಅಂತ ಯಾರಿಗೆ ಹೇಳೋಕಾಗುತ್ತೆ?

ಆದರೆ ಈ ಲೆಕ್ಕದಲ್ಲಿ ಎರಡು ವಿಷಯ ಕಾಣೆಯಾಗಿವೆ. ಒಂದು ನೀರು. ಇನ್ನೊಂದು ಕಾಲ.

ಒಂಬತ್ತಡಿಗೆ ಒಂಬತ್ತಡಿ ಅಂತರದಲ್ಲಿ ಇಟ್ಟರೆ ಎಕರೆಗೆ 540ರ ಹತ್ತಿರ ಗಿಡ ಹಿಡಿಯುತ್ತೆ. ಹನಿ ನೀರಾವರಿಯಲ್ಲಿ ಕೊಟ್ಟರೂ ಒಂದು ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್ ಬೇಕು. ಎಕರೆಗೆ ದಿನಕ್ಕೆ ಸುಮಾರು ಹತ್ತು ಸಾವಿರ ಲೀಟರ್ ಆಯ್ತು. ಜನವರಿಯಿಂದ ಮೇ ತನಕ, ಒಂದು ದಿನವೂ ಬಿಡದೆ. ಮಲೆನಾಡಿನಲ್ಲಿ ಅಡಿಕೆ ಬೆಳೆದವರು ಗುಡ್ಡದ ಕೆಳಗೆ ಕಣಿವೆಯಲ್ಲಿ, ಹರಿಯುವ ಹಳ್ಳದ ಪಕ್ಕ, ನೆಲವೇ ತೇವ ಹಿಡಿದಿಡುವ ಕಡೆ ತಲೆಮಾರುಗಳಿಂದ ಬೆಳೆದರು. ನಾವು ಅದೇ ಮರವನ್ನು ತಂದು ಕಲ್ಲುಬಂಡೆಯ ಮೇಲಿನ ಕೆಮ್ಮಣ್ಣಿನಲ್ಲಿ ನೆಟ್ಟು, ಏಳೆಂಟು ನೂರು ಅಡಿ ಕೆಳಗಿನ ನೀರನ್ನು ಕರೆಂಟು ಇದ್ದಾಗ ಎತ್ತಿ ಕುಡಿಸುತ್ತಿದ್ದೇವೆ.

ಕಾಲದ ಮಾತು ಇನ್ನೂ ಕಷ್ಟದ್ದು. ಟೊಮೆಟೊ ಹಾಕಿ ಸೋತರೆ ಮೂರು ತಿಂಗಳಲ್ಲಿ ಗೊತ್ತಾಗುತ್ತೆ, ಮುಂದಿನ ಸಲ ಬೇರೆ ಹಾಕಬಹುದು. ಅಡಿಕೆ ಐದರಿಂದ ಏಳು ವರ್ಷ ಕಾಯಿಸುತ್ತೆ. ಇವತ್ತಿನ ದರ ನೋಡಿ ನೆಟ್ಟ ಗಿಡದ ಕಾಯಿ ಏಳನೇ ವರ್ಷದ ದರಕ್ಕೆ ಮಾರಾಟ ಆಗುತ್ತೆ. ಆ ದರ ಎಷ್ಟು? ಯಾರಿಗೂ ಗೊತ್ತಿಲ್ಲ. ಮಂತ್ರಿಗಳಿಗೂ ಗೊತ್ತಿಲ್ಲ, ಮಂಡಿ ಸಾಹುಕಾರನಿಗೂ ಗೊತ್ತಿಲ್ಲ. ಇವತ್ತು ನನ್ನ ಹಾಗೆ ಇನ್ನೆಷ್ಟು ಜನ ನೆಟ್ಟಿದ್ದಾರೋ, ಅವರೆಲ್ಲರ ಅಡಿಕೆಯೂ ನನ್ನ ಅಡಿಕೆಯ ಜೊತೆಗೇ ಮಾರುಕಟ್ಟೆಗೆ ಬರುತ್ತೆ ಅನ್ನೋದಷ್ಟೇ ಗೊತ್ತು.

ಹೀಗೆ ಏನೂ ಗೊತ್ತಿಲ್ಲದ ಜಾಗದಲ್ಲಿ ಮನುಷ್ಯ ಏನು ಮಾಡುತ್ತಾನೆ? ಸುತ್ತ ನೋಡುತ್ತಾನೆ. ಊರಲ್ಲಿ ಓಡಾಡುವ ಮಾತನ್ನು ಹಿಡಿದುಕೊಳ್ಳುತ್ತಾನೆ. ನಮ್ಮ ಕಡೆ ಆ ಮಾತು, "ಅಡಿಕೆ ಯಾರನ್ನೂ ಕೈಬಿಟ್ಟಿಲ್ಲ."

ಈ ಒಂದು ಮಾತಿಗೆ ಎಷ್ಟು ಕೈಕಾಲು ಇವೆ ನೋಡಿ. ಹೆಣ್ಣು ಕೊಡೋಕೆ ಬಂದವರು ಮೊದಲು ಕೇಳೋದು "ತೋಟ ಎಷ್ಟಿದೆ?" ಅಂತ. ಹೊಲ ಅಂದರೆ ಮುಖ ಸಪ್ಪೆ ಆಗುತ್ತೆ. ಸಾಲ ಕೇಳೋಕೆ ಹೋದರೆ ತೋಟ ಇರೋನಿಗೆ ಒಂದು ಕುರ್ಚಿ. ಚೇಣಿಯವನು, ಅಂದರೆ ಮರದ ಮೇಲಿನ ಫಸಲನ್ನೇ ಗುತ್ತಿಗೆ ಹಿಡಿಯುವವನು, ಬಂದು ಮರದಲ್ಲಿರುವ ಕಾಯಿ ನೋಡಿಯೇ ಮುಂಗಡ ಎಣಿಸುತ್ತಾನೆ, ರಾಗಿ ಹೊಲದಲ್ಲಿರುವಾಗ ಯಾರು ಬಂದು ಮುಂಗಡ ಕೊಟ್ಟಾರು? ಹೊಸ ಮನೆ ಕಟ್ಟಿದವರ ಬಾಗಿಲಲ್ಲಿ ಅಡಿಕೆ ಒಣಗುತ್ತಿರುತ್ತೆ, ಎಲ್ಲರಿಗೂ ಕಾಣುತ್ತೆ. ಬೋರ್ ಕೈಕೊಟ್ಟು ತೋಟ ಕಳೆದುಕೊಂಡವನು ಮರ ಕಡಿಸಿ, ಹೊಲ ಗುತ್ತಿಗೆಗೆ ಕೊಟ್ಟು, ಬೆಂಗಳೂರಿಗೆ ಸೆಕ್ಯುರಿಟಿ ಕೆಲಸಕ್ಕೆ ಹೋಗಿರುತ್ತಾನೆ. ಅವನು ಮದುವೆ ಊಟದಲ್ಲಿ ನಮ್ಮ ಪಕ್ಕ ಕೂರೋದಿಲ್ಲ, ಹಬ್ಬಕ್ಕೆ ಬಂದರೂ ಆ ವಿಷಯ ಎತ್ತೋದಿಲ್ಲ. ಸೋತದ್ದನ್ನು ಹೇಳಿಕೊಳ್ಳೋದು ಅವಮಾನ ಅಂತ ನಮ್ಮಲ್ಲಿ ಒಂದು ಭಾವನೆ ಇದೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರೋಲ್ಲ ಅಂತಾರಲ್ಲ, ಹಾಗೇ. ಹೀಗಾಗಿ ಗೆದ್ದವರ ಮಾತು ಮಾತ್ರ ಊರಲ್ಲಿ ಉಳಿಯುತ್ತೆ. ಸೋತವರ ಜೊತೆ ಅವರ ಲೆಕ್ಕವೂ ಊರು ಬಿಟ್ಟು ಹೋಗುತ್ತೆ.

ಅಡಿಕೆ ಕೈಬಿಟ್ಟಿಲ್ಲ ಅನ್ನೋದು ನಿಜವೂ ಅಲ್ಲ. ಮಂಗಳೂರಿನ ಕ್ಯಾಂಪ್ಕೊ 1973ರಲ್ಲಿ ಯಾಕೆ ಹುಟ್ಟಿತು? ಅದಕ್ಕೂ ಹಿಂದಿನ ಎರಡು ಮೂರು ವರ್ಷದಲ್ಲಿ ಅಡಿಕೆ ದರ ನೆಲಕಚ್ಚಿ ಬೆಳೆಗಾರರು ಕಂಗಾಲಾಗಿದ್ದರು, ವಾರಣಾಶಿ ಸುಬ್ರಾಯ ಭಟ್ಟರಂಥವರು ಮುಂದೆ ನಿಂತು ಬೆಳೆಗಾರರದ್ದೇ ಸಂಸ್ಥೆ ಕಟ್ಟಿದರು. ಅಷ್ಟು ಹಿಂದಕ್ಕೆ ಯಾಕೆ ಹೋಗಬೇಕು, 2014ರಲ್ಲಿ ರಾಶಿ ಕ್ವಿಂಟಲ್‌ಗೆ 70 ಸಾವಿರ ದಾಟಿದಾಗ ನಮ್ಮೂರ ಕಟ್ಟೆಯಲ್ಲಿ ಲಕ್ಷ ಮುಟ್ಟುತ್ತೆ ಅಂತ ಬಾಜಿ ಕಟ್ಟಿದವರಿದ್ದರು. ಎರಡು ವರ್ಷದಲ್ಲಿ ಅದು ಅರ್ಧಕ್ಕಿಂತ ಕೆಳಗೆ ಬಂತು. ಎತ್ತರದ ದರ ಎಲ್ಲರಿಗೂ ನೆನಪಿದೆ. ಇಳಿದದ್ದನ್ನು ಕೇಳಿ, "ಹೌದಾ, ಅಷ್ಟು ಇಳಿದಿತ್ತಾ?" ಅಂತಾರೆ.

ಮಲೆನಾಡಿನವರಿಗೆ, ಕರಾವಳಿಯವರಿಗೆ ವೆನಿಲಾ ನೆನಪಿರಬೇಕು. 2000ನೇ ಇಸವಿಯಲ್ಲಿ ಮಡಗಾಸ್ಕರ್‌ನಲ್ಲಿ ಚಂಡಮಾರುತ ಬಂದು ಅಲ್ಲಿನ ವೆನಿಲಾ ಹಾಳಾಯಿತು. ಇಲ್ಲಿ ಹಸಿ ಕೋಡಿನ ದರ ಏರುತ್ತಾ ಏರುತ್ತಾ 2003ರ ಹೊತ್ತಿಗೆ ಕೆಜಿಗೆ ಮೂರು ಸಾವಿರದ ಆಸುಪಾಸಿಗೆ ಬಂತು. ನಮ್ಮ ಅತ್ತೆಯ ಮನೆ ಕೊಪ್ಪದ ಕಡೆ. ನಾನು ಆಗ ಹೈಸ್ಕೂಲು. ರಜೆಗೆ ಹೋದಾಗ ಮನೆಮಂದಿಯೆಲ್ಲ ಬೆಳಗ್ಗೆ ಕಾಫಿಗಿಂತ ಮೊದಲು ತೋಟಕ್ಕೆ ಹೋಗಿ, ಒಂದೊಂದೇ ಹೂವನ್ನು ಬಿಡಿಸಿ, ಸಣ್ಣ ಕಡ್ಡಿಯಿಂದ ಪರಾಗಸ್ಪರ್ಶ ಮಾಡುತ್ತಿದ್ದರು. ವೆನಿಲಾ ಹೂವು ಬೆಳಗ್ಗೆ ಅರಳಿ ಅವತ್ತೇ ಬಾಡುತ್ತೆ, ಆ ಕೆಲವು ಗಂಟೆಯಲ್ಲಿ ಕೈಯಿಂದಲೇ ಮಾಡಬೇಕು. ಅತ್ತೆ ನನ್ನ ಬೆರಳು ಹಿಡಿದು ತೋರಿಸಿದ್ದು ಇನ್ನೂ ನೆನಪಿದೆ. ರಾತ್ರಿ ಕಳ್ಳರ ಭಯಕ್ಕೆ ಟಾರ್ಚು ಹಿಡಿದು ಕಾವಲು. ಬಳ್ಳಿ ತುಂಡಿಗೇ ದುಡ್ಡು ಕೊಟ್ಟು ಕೊಂಡು ಹೋಗುತ್ತಿದ್ದರು. ಮಡಗಾಸ್ಕರ್ ಚೇತರಿಸಿಕೊಂಡಿತು, ಬೇರೆ ದೇಶದವರೂ ಬೆಳೆದರು, ಕಂಪನಿಗಳು ಕೃತಕ ವೆನಿಲಾ ಕಡೆ ಹೊರಳಿದವು. ಮೂರು ವರ್ಷ ಕಳೆಯುವುದರೊಳಗೆ ಕೆಜಿಗೆ ನೂರು ರೂಪಾಯಿಗೂ ಕೇಳುವವರಿಲ್ಲ. ಅತ್ತೆ ಮನೆಯ ಬಳ್ಳಿಗಳು ಆಸರೆ ಗಿಡದ ಮೇಲೇ ಒಣಗಿದವು. ಅದನ್ನು ನೋಡಿಯೂ, ಆ ಮನೆಯ ಕಾಫಿ ಕುಡಿದೂ, ನಾನು 2017ರಲ್ಲಿ ಅಡಿಕೆ ನೆಟ್ಟೆ. "ಅದು ವೆನಿಲಾ, ಇದು ಅಡಿಕೆ" ಅಂತ ಎಲ್ಲರೂ ಅಂದರು. ನಾನೂ ಅಂದುಕೊಂಡೆ.

ಇನ್ನು ನೀರಿನ ಮಾತು. 2021, 2022ರಲ್ಲಿ ನಮ್ಮ ಜಿಲ್ಲೆ ಕಂಡ ಮಳೆ ನೆನಪಿಸಿಕೊಳ್ಳಿ. ಮಾರಿಕಣಿವೆ, ಅದೇ ವಾಣಿವಿಲಾಸ ಸಾಗರ ಜಲಾಶಯ, 1933ರ ನಂತರ ಮೊದಲ ಸಲ 2022ರ ಸೆಪ್ಟೆಂಬರ್‌ನಲ್ಲಿ ಕೋಡಿ ಬಿತ್ತು. 89 ವರ್ಷ. ನಮ್ಮಪ್ಪ ತಮ್ಮ ಜೀವಮಾನದಲ್ಲಿ ನೋಡಿರದ ಕೋಡಿ ನೋಡೋಕೆ ಬಸ್ಸು ಹತ್ತಿ ಹೋದರು. ಸತ್ತ ಬೋರುಗಳಲ್ಲಿ ನೀರು ಉಕ್ಕಿತು. ಅದೇ ಹೊತ್ತಿಗೆ ಅಡಿಕೆ ದರ 50 ಸಾವಿರದ ಸುತ್ತ. ಮುಂದಿನ ವರ್ಷ ಕೇಂದ್ರ ಬಜೆಟ್‌ನಲ್ಲಿ ಭದ್ರಾ ನದಿಯ ನೀರನ್ನು ನಮ್ಮ ಕಡೆಗೆ ತರುವ ಭದ್ರಾ ಮೇಲ್ದಂಡೆ ಯೋಜನೆಗೆ 5,300 ಕೋಟಿ ಅಂತ ಘೋಷಣೆ ಆಯ್ತು. ಇನ್ನೇನು ಬೇಕು? ಕೆರೆ ತುಂಬಿದೆ, ದರ ಇದೆ, ಭದ್ರೆಯೂ ಬರ್ತಾಳೆ. ಮೆಕ್ಕೆಜೋಳದ ಹೊಲಗಳೆಲ್ಲ ಒಂದೇ ವರ್ಷದಲ್ಲಿ ಹಸಿರು ಸಸಿಯ ಸಾಲುಗಳಾದವು. ಮೇಲ್ದಂಡೆ ಯೋಜನೆಯ ಕಾಗದದಲ್ಲಿ ಇರೋದು 367 ಕೆರೆ ತುಂಬಿಸೋದು, 2.25 ಲಕ್ಷ ಹೆಕ್ಟೇರ್‌ಗೆ ಹನಿ ನೀರಾವರಿ, ಒಟ್ಟು 29.9 ಟಿಎಂಸಿ ನೀರು. ಅಷ್ಟು ಹೆಕ್ಟೇರ್‌ಗೆ ಹಂಚಿದ ನೀರಿನಲ್ಲಿ ಎಷ್ಟು ಜನ ಬೇಸಿಗೆಯ ಉದ್ದಕ್ಕೂ ಅಡಿಕೆ ತೋಟ ಕಾಯಬಹುದು ಅಂತ ಯಾವ ಅಧಿಕಾರಿಯೂ ನಮ್ಮೂರಿಗೆ ಬಂದು ಹೇಳಲಿಲ್ಲ. ಕೆರೆಗೆ ನೀರು ಬರುತ್ತೆ ಅಂದರೆ ನಾವು ತೋಟಕ್ಕೆ ನೀರು ಬರುತ್ತೆ ಅಂತಲೇ ಕೇಳಿಸಿಕೊಂಡೆವು.

2023ರಲ್ಲಿ ಮಳೆ ಕೈಕೊಟ್ಟಿತು. ರಾಜ್ಯದ 223 ತಾಲ್ಲೂಕು ಬರಪೀಡಿತ ಅಂತ ಸರ್ಕಾರವೇ ಘೋಷಿಸಿತು. ಅತ್ತ ದಾವಣಗೆರೆಯವರು ಭದ್ರಾ ಬಲದಂಡೆ ನೀರಿಗೆ ಬಂದ್ ಮಾಡಿದರು. ಇತ್ತ ನಮ್ಮ ಬೋರು 2024ರ ಫೆಬ್ರವರಿ ಕೊನೆಗೆ ಉಸಿರು ಬಿಟ್ಟು ಬಿಟ್ಟು ನೀರು ಕೊಡೋಕೆ ಶುರು ಮಾಡಿತು, ಮಾರ್ಚಿಗೆ ನಿಂತೇ ಹೋಯಿತು.

ಆಮೇಲಿನ ಮೂರು ತಿಂಗಳು ಟ್ಯಾಂಕರ್. ಸಂಜೆ ಏಳರ ಮೇಲೆ ಬರುತ್ತಿತ್ತು, ಹಗಲು ಹಾಕಿದರೆ ಆವಿಯಾಗಿ ಹೋಗುತ್ತೆ ಅಂತ. ಪೈಪು ಹಿಡಿದು ನಾನು ಮುಂದೆ, ಬ್ಯಾಟರಿ ಹಿಡಿದು ಮಗಳು ಹಿಂದೆ. ಒಂದೊಂದು ಬುಡಕ್ಕೆ ಇಪ್ಪತ್ತು ಎಣಿಸುವ ತನಕ. ಮಣ್ಣು ನೀರು ಕುಡಿಯುವಾಗ ಒಂದು ಸದ್ದು ಬರುತ್ತೆ, ಕಾದ ಹೆಂಚಿನ ಮೇಲೆ ನೀರು ಚಿಮುಕಿಸಿದ ಹಾಗೆ. 1,050 ಮರಕ್ಕೆ ಒಂದು ಸುತ್ತು ಬರೋಕೆ ನಾಲ್ಕು ಟ್ಯಾಂಕರ್ ಬೇಕಿತ್ತು. ಏಪ್ರಿಲ್ ಬರುವಷ್ಟರಲ್ಲಿ ಎರಡಕ್ಕಿಂತ ಜಾಸ್ತಿ ಸಿಗುತ್ತಿರಲಿಲ್ಲ, ಎಲ್ಲರದ್ದೂ ಅದೇ ಕಥೆ. ಆಗ ಯಾವ ಮರಕ್ಕೆ ಹಾಕಬೇಕು, ಯಾವುದನ್ನು ಬಿಡಬೇಕು ಅಂತ ಆರಿಸಬೇಕಾಯ್ತು. ಮೇಲಿನ ಬದುವಿನ ಸಾಲುಗಳನ್ನು ಬಿಟ್ಟೆವು. ಅಪ್ಪ ಆ ಸಾಲುಗಳ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಬಿಟ್ಟ ಮರದ ಸೋಗೆಗಳು ಮೊದಲು ಹಳದಿ ಆಗಿ ಜೋತುಬಿದ್ದವು, ಆಮೇಲೆ ಸುಳಿ ಒಣಗಿತು, ಮೊದಲ ಗಾಳಿಮಳೆಗೆ ತಲೆ ಕಳಚಿ ಬಿತ್ತು. ಒಟ್ಟು 83 ಲೋಡ್. ಒಂದಕ್ಕೆ 900 ರೂಪಾಯಿ. ಹೋದ ಮರ 310.

ಪಕ್ಕದ ಹೊಲದ ಹುಡುಗನಿಗೆ ಟ್ಯಾಂಕರ್ ಹಾಕಿಸುವ ಶಕ್ತಿ ಇರಲಿಲ್ಲ. ಅವನು ಇನ್ನೊಂದು ಬೋರ್ ಕೊರೆಸಿದ. ನಾನೂ ರಾತ್ರಿಯೆಲ್ಲ ಜೊತೆಗಿದ್ದೆ. ತೆಂಗಿನಕಾಯಿ ಹಿಡಿದು ಪಾಯಿಂಟ್ ತೋರಿಸಿದವರು ನಾನೂರಕ್ಕೆ ನೀರು ಅಂದಿದ್ದರು. ನಾನೂರು ಹೋಯ್ತು, ಆರುನೂರು ಹೋಯ್ತು. ಬಿಳಿ ಧೂಳು, ಮನೆಯವರ ತಲೆ ಮೇಲೆಲ್ಲ ಬಿಳಿ. ಪ್ರತಿ ಸಲ ರಿಗ್ಗಿನವರು ನಿಲ್ಲಿಸಿ ಅವನ ಮುಖ ನೋಡುತ್ತಿದ್ದರು. ಪ್ರತಿ ಸಲವೂ ಸುತ್ತ ನಿಂತವರಲ್ಲಿ ಯಾರಾದರೊಬ್ಬರು ಹೇಳುತ್ತಿದ್ದರು, "ಇನ್ನೊಂದು ನೂರು ಅಡಿ ನೋಡೋ, ಆ ಊರಲ್ಲಿ ಒಬ್ಬನಿಗೆ 870ಕ್ಕೆ ಬಂತಂತೆ." ಆ ಊರು ಯಾವುದು, ಆ ಒಬ್ಬ ಯಾರು, ಯಾರಿಗೂ ಗೊತ್ತಿರಲಿಲ್ಲ. 870ಕ್ಕೂ ಬರದ ನೂರು ಜನರ ಸುದ್ದಿ ಅಲ್ಲಿ ಯಾರ ಹತ್ತಿರವೂ ಇರಲಿಲ್ಲ. ಇದ್ದಿದ್ದರೆ ಅವನು ಆರುನೂರಕ್ಕೆ ನಿಲ್ಲಿಸುತ್ತಿದ್ದನೋ ಏನೋ. 900 ಅಡಿಗೆ ನಿಲ್ಲಿಸಿದರು. ಅವನ ಹೆಂಡತಿ ಏನೂ ಮಾತಾಡದೆ ರಿಗ್ಗಿನ ಹುಡುಗರಿಗೆ ಟೀ ತಂದುಕೊಟ್ಟಳು.

ಈಗ ನಾನು ಅಧಿಕಾರಿಗಳಿಗೆ ಕೇಳಬೇಕಾದದ್ದಕ್ಕೆ ಬರುತ್ತೇನೆ.

ದಿನಾ ಬೆಳಗ್ಗೆ ನಮ್ಮ ಫೋನಿಗೆ ಅಡಿಕೆ ದರ ಬರುತ್ತೆ. ಶಿವಮೊಗ್ಗದಲ್ಲಿ ರಾಶಿ ಎಷ್ಟು, ಬೆಟ್ಟೆ ಎಷ್ಟು, ಸರಕು, ಗೊರಬಲು ಎಷ್ಟು, ಚನ್ನಗಿರಿಯಲ್ಲಿ ಎಷ್ಟು, ಭೀಮಸಮುದ್ರದಲ್ಲಿ ಎಷ್ಟು. ಪೇಪರಿನಲ್ಲಿ ಬರುತ್ತೆ, ಎಪಿಎಂಸಿ ಬೋರ್ಡಿನಲ್ಲಿ ಬರೆದಿರುತ್ತೆ. ಅಪ್ಪನಿಗೆ ಕಣ್ಣು ಮಂಜಾಗಿದೆ, ಮಗಳ ಕೈಲಿ ಓದಿಸಿಕೊಳ್ಳುತ್ತಾರೆ. ಈ ಒಂದು ಸಂಖ್ಯೆಯನ್ನು ನಮ್ಮ ಕಣ್ಣ ಮುಂದೆ ಇಡೋಕೆ ಇಷ್ಟು ವ್ಯವಸ್ಥೆ ಇದೆ. ನಮ್ಮ ಹೋಬಳಿಯಲ್ಲಿ ಈ ವರ್ಷ ಎಷ್ಟು ಬೋರ್ ಕೊರೆದರು, ಅದರಲ್ಲಿ ಎಷ್ಟು ಫೇಲ್ ಆದವು, ಎಷ್ಟು ಅಡಿಗೆ ನೀರು ಬಂತು, 2024ರಲ್ಲಿ ಎಷ್ಟು ಎಕರೆ ತೋಟ ಒಣಗಿತು ಅಂತ ತಿಳಿಯೋಕೆ ಎಲ್ಲಿ ಹೋಗಬೇಕು? ಅಂತರ್ಜಲದ ಬಗ್ಗೆ ರಾಜ್ಯದಲ್ಲಿ 2011ರ ಕಾಯ್ದೆಯೇ ಇದೆ. ರಿಗ್ಗಿನವರ ಹತ್ತಿರ ಪ್ರತಿ ಬೋರಿನ ಅಡಿ ಲೆಕ್ಕ ಇದೆ, ಯಾಕಂದ್ರೆ ಅವರಿಗೆ ದುಡ್ಡು ಬರೋದೇ ಅಡಿ ಲೆಕ್ಕದಲ್ಲಿ. ಬೆಸ್ಕಾಂನಲ್ಲಿ ಪಂಪ್‌ಸೆಟ್ ಲೆಕ್ಕ ಇದೆ. ಗ್ರಾಮ ಆಡಳಿತಾಧಿಕಾರಿಗಳು ಬೆಳೆ ಸಮೀಕ್ಷೆ ಮಾಡಿಸುತ್ತಾರೆ. ಇದನ್ನೆಲ್ಲ ಒಂದು ಕಡೆ ಸೇರಿಸಿ, ದರದ ಬೋರ್ಡಿನ ಪಕ್ಕ ಇನ್ನೊಂದು ಬೋರ್ಡು ಹಾಕಿ ಅಂತ ಕೇಳುತ್ತಿದ್ದೇನೆ. ರೈತ ಸಂಪರ್ಕ ಕೇಂದ್ರದಲ್ಲಿ, ಸೊಸೈಟಿ ಬಾಗಿಲಲ್ಲಿ, ನರ್ಸರಿ ಗೇಟಿನಲ್ಲಿ. ದೊಡ್ಡ ಅಕ್ಷರದಲ್ಲಿ, ಅಪ್ಪನಂಥವರಿಗೆ ಓದೋಕೆ ಆಗುವಷ್ಟು ದೊಡ್ಡದಾಗಿ.

ನಿಮ್ಮ ಇಲಾಖೆಯವರು ಯಶೋಗಾಥೆ ಅಂತ ಪುಸ್ತಕ ಮಾಡುತ್ತೀರಿ, ಕೃಷಿ ಮೇಳದಲ್ಲಿ ಪ್ರಗತಿಪರ ರೈತರಿಗೆ ಶಾಲು ಹೊದಿಸಿ ಮಾತಾಡಿಸುತ್ತೀರಿ. ಒಳ್ಳೆಯದೇ, ಅವರು ದುಡಿದು ಗೆದ್ದವರು. ಅದೇ ವೇದಿಕೆಗೆ ತೋಟ ಕಳೆದುಕೊಂಡ ಒಬ್ಬರನ್ನೂ ಕರೆಯಿರಿ. ಅವರಿಗೂ ಶಾಲು ಹೊದಿಸಿ. ಅವರು ಎಲ್ಲಿ ಎಡವಿದರು ಅಂತ ಹದಿನೈದು ನಿಮಿಷ ಹೇಳಲಿ. ಆ ಹದಿನೈದು ನಿಮಿಷಕ್ಕೆ ಎಷ್ಟು ಮನೆ ಉಳಿಯುತ್ತವೋ ಹೇಳೋಕಾಗಲ್ಲ. ಸೋತವರು ಮಾನಕ್ಕೆ ಹೆದರಿ ಮಾತಾಡೋದಿಲ್ಲ ಅಂದೆನಲ್ಲ, ಸರ್ಕಾರವೇ ಕರೆದು ಕೂರಿಸಿದರೆ ಆ ಹೆದರಿಕೆ ಅರ್ಧ ಹೋಗುತ್ತೆ.

ಸಹಕಾರ ಸಂಘದವರಿಗೆ ಒಂದು ಮಾತು. ತೋಟಕ್ಕೆ ಸಾಲ ಕೊಡುವಾಗ ಪಹಣಿ ನೋಡುತ್ತೀರಿ, ಜಾಮೀನು ನೋಡುತ್ತೀರಿ. ಬೇಸಿಗೆಯಲ್ಲಿ ಬೋರಿನ ನೀರು ಎಷ್ಟು ಅಂತಲೂ ನೋಡಿ. ಮಳೆಗಾಲದ ಎರಡಿಂಚು ಏಪ್ರಿಲ್‌ನಲ್ಲಿ ಅರ್ಧ ಇಂಚು ಆಗಿರುತ್ತೆ. ಎರಡು ಎಕರೆ ಕೇಳಿದವನ ನೀರು ಅರ್ಧ ಎಕರೆಗೆ ಸಾಕಾಗುವಷ್ಟಿದ್ದರೆ, ಅರ್ಧ ಎಕರೆಗೆ ಕೊಡಿ, ಮಿಕ್ಕಿದ್ದಕ್ಕೆ ಬೇರೆ ಬೆಳೆಗೆ ಕೊಡಿ. ಆಗ ಬೈದುಕೊಂಡರೂ ಬೈದುಕೊಳ್ಳಲಿ.

ಮಂತ್ರಿಗಳಿಗೆ, ಶಾಸಕರಿಗೆ, ಸಂಸದರಿಗೂ ಹೇಳೋದಿದೆ. ನೀವು ಯಾವ ಪಕ್ಷದವರೇ ಆಗಿರಿ, ಸಮಾವೇಶದಲ್ಲಿ ನಿಂತು "ಅಡಿಕೆ ಬೆಳೆಗಾರರ ಜೊತೆ ನಾವಿದ್ದೇವೆ" ಅಂತೀರಿ. ಆ ಮಾತು ನಮ್ಮೂರಿಗೆ ಬರುವಷ್ಟರಲ್ಲಿ "ಇಷ್ಟು ಜನ ಹಾಕಿದ್ದಾರೆ, ದರ ಬೀಳೋಕೆ ಸರ್ಕಾರ ಬಿಡುತ್ತಾ?" ಅಂತ ಆಗಿರುತ್ತೆ. ಜನ ಅದನ್ನು ನಂಬಿ ಸಾಲ ಮಾಡುತ್ತಾರೆ. 2023ರ ಫೆಬ್ರವರಿಯಲ್ಲಿ ಅಡಿಕೆಯ ಕನಿಷ್ಠ ಆಮದು ಬೆಲೆಯನ್ನು, ಅಂದರೆ ಹೊರದೇಶದ ಅಡಿಕೆ ಇದಕ್ಕಿಂತ ಕಮ್ಮಿ ಬೆಲೆಗೆ ಒಳಗೆ ಬರಬಾರದು ಅನ್ನೋ ಮಿತಿಯನ್ನು, ಕೆಜಿಗೆ 251ರಿಂದ 351ಕ್ಕೆ ಏರಿಸಿದಿರಿ, ಅದಕ್ಕೆ ಕೃತಜ್ಞತೆ ಇದೆ. ಅದಕ್ಕೂ ಕೆಲವೇ ತಿಂಗಳ ಹಿಂದೆ ಭೂತಾನ್‌ನಿಂದ ವರ್ಷಕ್ಕೆ 17 ಸಾವಿರ ಟನ್ ಹಸಿ ಅಡಿಕೆ ಆ ಬೆಲೆಯ ಷರತ್ತಿಲ್ಲದೆ ತರಿಸಲು ಒಪ್ಪಿಗೆಯೂ ಆಗಿತ್ತು. ಎರಡೂ ನಿಜ, ಆದರೆ ನಮ್ಮ ಕಟ್ಟೆಗೆ ಬಂದದ್ದು ಮೊದಲನೆಯದು ಮಾತ್ರ.

ಇನ್ನೊಂದು ವಿಷಯ ಯಾರೂ ಬಾಯಿ ಬಿಡೋದಿಲ್ಲ. 2004ರಲ್ಲೇ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ನಾವು ಕೆಂಪಡಿಕೆ ಬೆಳೆಯುವವರು, ನಮ್ಮ ಅಡಿಕೆ ಹೆಚ್ಚಾಗಿ ಹೋಗೋದು ಉತ್ತರದ ಪಾನ್ ಮಸಾಲಕ್ಕೆ, ಗುಟ್ಕಕ್ಕೆ. ದೇವರ ತಟ್ಟೆಯಲ್ಲಿ ಇಡುವ ಅಡಿಕೆಯಿಂದ ಈ ದರ ಬಂದಿಲ್ಲ. ನಾಳೆ ಕಾನೂನು ಬಿಗಿಯಾದರೆ, ಅಥವಾ ಜನರೇ ತಿನ್ನೋದು ಬಿಟ್ಟರೆ, ನಮ್ಮ ಏಳನೇ ವರ್ಷದ ದರ ಏನಾಗುತ್ತೆ? ಈ ಮಾತಾಡಿದವರನ್ನು ಬೆಳೆಗಾರರ ವಿರೋಧಿ ಅಂತೀರಿ. ನಾನು ಬೆಳೆಗಾರ. ನನಗೆ ಇದು ಗೊತ್ತಿರಬೇಕು. ಹೇಳಿದರೆ ನಾನು ಎದೆ ಒಡೆದುಕೊಂಡು ಸಾಯೋದಿಲ್ಲ, ಲೆಕ್ಕ ಹಾಕುತ್ತೇನೆ. ಒಂದು ಬೆಳೆಯ ಮೇಲೆ ಮನೆಯ ಎಲ್ಲವನ್ನೂ ಇಡಬಾರದು ಅಂತ ಆಗಲೇ ಯೋಚಿಸುತ್ತೇನೆ.

2025ರ ಜನವರಿಯಲ್ಲಿ ಮಾರಿಕಣಿವೆ ಮತ್ತೆ ಕೋಡಿ ಬಿತ್ತು. ದರವೂ ಏರಿತು. ಮಲೆನಾಡಿನಲ್ಲಿ ಎಲೆಚುಕ್ಕಿ ರೋಗ ಬಂದು ಅಲ್ಲಿಯ ತೋಟ ಸೊರಗುತ್ತಿವೆ, ಇನ್ನು ಬಯಲುಸೀಮೆಯ ಅಡಿಕೆಗೇ ಕಾಲ ಅಂತ ಹೊಸ ಮಾತೊಂದು ಹುಟ್ಟಿದೆ. ನರ್ಸರಿಗಳ ಮುಂದೆ ಮತ್ತೆ ಗೂಡ್ಸ್ ಆಟೋಗಳ ಸಾಲು. 2024ರ ಬೇಸಿಗೆಯಲ್ಲಿ ಟ್ಯಾಂಕರ್ ಹಿಂದೆ ಓಡುತ್ತಿದ್ದವರೇ ಇವತ್ತು ಗುಂಡಿ ತೆಗೆಸುತ್ತಿದ್ದಾರೆ. ಅವರನ್ನು ತಪ್ಪು ಅಂತ ಹೇಗೆ ಹೇಳಲಿ? ಬರ ಹೋದ ಕೂಡಲೇ ಅದರ ಲೆಕ್ಕವೂ ಹೋಗುತ್ತೆ, ಎಲ್ಲೂ ಬರೆದಿಟ್ಟಿರೋದಿಲ್ಲವಲ್ಲ.

ಒಂದು ಕಡೆ ಮಾತ್ರ ಬರೆದಿದೆ. ನಮ್ಮ ತೋಟಕ್ಕೆ ಯಾರಾದರೂ ಬಂದರೆ ಉಳಿದ 740 ಮರದಲ್ಲಿ ಯಾವುದನ್ನು ಬೇಕಾದರೂ ತೋರಿಸುತ್ತೇನೆ. ಅಡಿಕೆ ಮರದ ಮೈಮೇಲೆ ಉಂಗುರ ಇರುತ್ತವಲ್ಲ, ಒಂದು ಸೋಗೆ ಉದುರಿದ ಜಾಗಕ್ಕೆ ಒಂದು ಉಂಗುರ. ವರ್ಷಕ್ಕೆ ಆರೇಳು. ಮಳೆ ಚೆನ್ನಾಗಿದ್ದ ಕಾಲದ ಉಂಗುರಗಳ ನಡುವೆ ಗೇಣಿಗೆ ಹತ್ತಿರ ಅಂತರ. ಬರದಲ್ಲಿ ಬಂದ ಸೋಗೆಗಳು ಈಗ ಉದುರುತ್ತಿವೆ. ಅಲ್ಲಿ ಉಂಗುರ ಒಂದರ ಮೇಲೊಂದು ಒತ್ತಿಕೊಂಡಿವೆ, ನಡುವೆ ಎರಡು ಬೆರಳೂ ಹಿಡಿಯಲ್ಲ. ಅಪ್ಪ ಕಣ್ಣು ಕಾಣದಿದ್ದರೂ ಕೈಯಾಡಿಸಿ ಆ ಜಾಗ ಹುಡುಕುತ್ತಾರೆ.

ಕಳೆದ ವಾರ ಪಕ್ಕದ ಹೊಲದ ಆ ಹುಡುಗ ಮತ್ತೆ ಬಂದಿದ್ದ. "ಮುನ್ನೂರು ಸಸಿ ಇಡ್ಲಾ ಅಣ್ಣ?" ಅಂದ. ಈ ಸಲ ಅವನನ್ನು ಕೂರಿಸಿಕೊಂಡು ಎಲ್ಲವನ್ನೂ ಹೇಳಿದೆ. ಎರಡೂ ಬೋರಿನ ಅಡಿ, ಸಾಲದ ಬಾಕಿ, 83 ಲೋಡಿನ ಚೀಟಿ, 310 ಮರ. ಆಮೇಲೆ ತೋಟಕ್ಕೆ ಕರೆದುಕೊಂಡು ಹೋಗಿ ಅವನ ಕೈಯನ್ನು ಆ ಉಂಗುರದ ಮೇಲೆ ಇಟ್ಟೆ. ಇಡೋದೋ ಬಿಡೋದೋ ಅವನೇ ತೀರ್ಮಾನ ಮಾಡಲಿ. ಇನ್ನೂ ಮಾಡಿಲ್ಲ.

ಅಧಿಕಾರಿಗಳೇ, ನಮ್ಮ ಹೋಬಳಿಯಲ್ಲಿ ನೀವು ಆ ಬೋರ್ಡು ಹಾಕುವ ದಿನ ಹೇಳಿ ಕಳಿಸಿ. ಮೊದಲ ಸಾಲಿಗೆ ನಮ್ಮ ತೋಟದ ಲೆಕ್ಕ ಕೊಡುತ್ತೇನೆ. ಹೆಸರು ಹಾಕಿಯೇ ಬರೆಯಿರಿ, ನನಗೆ ನಾಚಿಕೆ ಇಲ್ಲ.

ಇಂತಿ,
ಹೊಳಲ್ಕೆರೆ ತಾಲ್ಲೂಕಿನ ಒಬ್ಬ ಅಡಿಕೆ ಬೆಳೆಗಾರ